ಕರುಣೆ ಇಲ್ಲದ ನಾಯಕ

ಓದುಗರ ಪತ್ರ: ನಿಮ್ಮ ಬರಹ ಓದಿ ‘ದಿ ಪಾನ್‌ಬ್ರೋಕರ್’ ಸಿನಿಮಾ ನೋಡಿದೆ. ಯಾತನಾ ಶಿಬಿರದಲ್ಲಿ ಅಷ್ಟು ನೊಂದವನಿಗೆ ಬಡವರ ಕಷ್ಟ ಅರ್ಥವಾಗಬೇಕಿತ್ತಲ್ವಾ? ಒಬ್ಬರ ಮೇಲೂ ಕರುಣೆ ಇಲ್ಲ. ನಡುನಡುವೆ ಏನೇನೋ ಮಿಂಚಿ ಮಾಯವಾಗುತ್ತೆ, ತಲೆನೋವು ಬಂತು. ಮಕ್ಕಳಿಗೆ ತೋರಿಸಬಹುದಾ?

ಸಂಪಾದಕರ ಉತ್ತರ: ನೊಂದವರು ಒಳ್ಳೆಯವರಾಗಿರಲೇಬೇಕು ಅಂತ ಯಾಕೆ ಹಟ ಹಿಡಿಯುತ್ತೀರಿ? ನೋವು ಎಲ್ಲರನ್ನೂ ಮೆತ್ತಗೆ ಮಾಡುವುದಿಲ್ಲ. 1964ರ ಈ ಚಿತ್ರದಲ್ಲಿ ನಿರ್ದೇಶಕ ಸಿಡ್ನಿ ಲುಮೆಟ್ ತೋರಿಸುವುದು ಅದನ್ನೇ.

ನಾಯಕ ಸೋಲ್ ನಾಜರ್‌ಮನ್ ಯಹೂದಿ, ಒಂದು ಕಾಲಕ್ಕೆ ಪ್ರೊಫೆಸರ್. ಹೆಂಡತಿ, ಮಕ್ಕಳು ನಾಜಿಗಳಿಗೆ ಬಲಿಯಾದರು. ಈಗ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಗಿರವಿ ಅಂಗಡಿ. ತಂತಿ ಜಾಲರಿಯ ಹಿಂದೆ ಕೂತು ಚೀಟಿ ಬರೆಯುತ್ತಾನೆ. ಒಬ್ಬ ಮುದುಕ ಬರುವುದೇ ಎರಡು ಮಾತಾಡಲಿಕ್ಕೆ, ಅವನನ್ನೂ ಹತ್ತಿರ ಸೇರಿಸುವುದಿಲ್ಲ. ಸಮಾಜಸೇವೆಯ ಹೆಂಗಸು ಕೈ ಚಾಚುತ್ತಾಳೆ, ಆ ಕೈಯನ್ನೂ ಹಿಡಿಯುವುದಿಲ್ಲ. ಇದು ಕೊಬ್ಬಲ್ಲ. ಒಮ್ಮೆ ಮನಸ್ಸು ಬಿಚ್ಚಿದರೆ ಹಳೆಯದೆಲ್ಲ ನುಗ್ಗಿಬರುತ್ತೆ ಅನ್ನುವ ಭಯ.

ನುಗ್ಗಿ ಬಂದೇ ಬರುತ್ತೆ. ಬಸುರಿ ಹುಡುಗಿಯೊಬ್ಬಳು ಉಂಗುರ ಅಡವಿಡಲು ಬರುತ್ತಾಳೆ. ಇದು ವಜ್ರವಲ್ಲ, ಬರೀ ಗಾಜು ಅಂತ ಅವನು ಒಂದೇ ಮಾತಲ್ಲಿ ಹೇಳಿಬಿಡುತ್ತಾನೆ. ನಿಮಗೆ ಸಿಟ್ಟು ಬಂದಿದ್ದು ಬಹುಶಃ ಇಲ್ಲೇ. ಆದರೆ ಮರುಕ್ಷಣ ಅವನ ಕಣ್ಣಿಗೆ ಕಾಣುವುದು ಮುಳ್ಳುತಂತಿಯ ಮೇಲೆ ಸಾಲಾಗಿ ಚಾಚಿದ ಕೈಗಳು, ಆ ಬೆರಳುಗಳಿಂದ ಉಂಗುರ ಕೀಳುವ ಸೈನಿಕರು. ರೈಲಿನಲ್ಲೂ ಹಾಗೇ. ಸುತ್ತಲಿನ ಪ್ರಯಾಣಿಕರು ನೋಡನೋಡುತ್ತಲೇ ಶಿಬಿರಕ್ಕೆ ಹೊರಟ ಬೋಗಿಯ ಜನವಾಗಿಬಿಡುತ್ತಾರೆ. ಮೊದಮೊದಲು ಈ ಚೂರುಗಳು ಕಣ್ಣಿಗೆ ಬೀಳುವುದರೊಳಗೆ ಹೋಗಿರುತ್ತವೆ, ಆಮೇಲಾಮೇಲೆ ಉದ್ದವಾಗುತ್ತವೆ. ನಿಮಗೆ ತಲೆನೋವು ತಂದದ್ದು ಅವನ ದಿನನಿತ್ಯದ ಪಾಡು. ಇಂಥ ಆಘಾತಕ್ಕೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ‘ಪಿಟಿಎಸ್‌ಡಿ’ (ಆಘಾತ ಕಳೆದ ಮೇಲೂ ಕಾಡುವ ಮಾನಸಿಕ ತೊಂದರೆ) ಅನ್ನುವ ಹೆಸರು ಸೇರಿದ್ದೇ 1980ರಲ್ಲಿ. ಸಿನಿಮಾ ಅದಕ್ಕಿಂತ ಎಷ್ಟು ಮುಂಚಿನದು ನೋಡಿ.

ಹಾಗಂತ ಎಲ್ಲವೂ ನನಗೆ ಒಪ್ಪಿಗೆ ಅಂತಲ್ಲ. ಅಂಗಡಿಯ ಹುಡುಗನ ಹೆಸರು ಜೀಸಸ್. ಸಾಯುವುದು ಅವನೇ. ಆಮೇಲೆ ಸೋಲ್ ಚೀಟಿ ಚುಚ್ಚುವ ಕಂಬಿಗೆ ತನ್ನ ಅಂಗೈಯನ್ನೇ ಒತ್ತಿಕೊಳ್ಳುತ್ತಾನೆ. ಯಹೂದಿಯ ಸಂಕಟ ಹೇಳಲು ಶಿಲುಬೆಯ ನೆರಳು ಬೇಕಿತ್ತಾ? ನನಗೆ ಜಾಸ್ತಿ ಅನಿಸಿತು. ಅಲ್ಲಿ ಸಿನಿಮಾವನ್ನು ಉಳಿಸುವುದು ಸೋಲ್ ಪಾತ್ರ ಮಾಡಿದ ರಾಡ್ ಸ್ಟೈಗರ್. ಬಾಯಿ ತೆರೆಯುತ್ತಾನೆ, ದನಿಯೇ ಹೊರಡುವುದಿಲ್ಲ. ಬರ್ಲಿನ್ ಚಿತ್ರೋತ್ಸವದಲ್ಲಿ ಅವನಿಗೆ ಬೆಳ್ಳಿ ಕರಡಿ ಪ್ರಶಸ್ತಿ ಸಿಕ್ಕಿದ್ದು ಸುಮ್ನೆ ಅಲ್ಲ.

ಇನ್ನು ಮಕ್ಕಳ ವಿಷಯ. ಚಿಕ್ಕವರಿಗೆ ಬೇಡ, ಶಿಬಿರದ ದೃಶ್ಯಗಳಲ್ಲಿ ಹೆಂಗಸರ ಮೇಲಿನ ದೌರ್ಜನ್ಯವಿದೆ. ಕಾಲೇಜಿಗೆ ಹೋಗುವವರಾದರೆ ತೋರಿಸಿ, ನೀವೂ ಜೊತೆಗೆ ಕೂತು ಇನ್ನೊಮ್ಮೆ ನೋಡಿ. ಆಮೇಲೂ ಅವನ ಮೇಲೆ ಸಿಟ್ಟು ಹಾಗೇ ಇದ್ದರೆ ಮತ್ತೆ ಬರೆಯಿರಿ, ಖಂಡಿತ ಪ್ರಕಟಿಸುತ್ತೇವೆ.