ಸಂಪಾದಕರ ಉತ್ತರ: ಮಗನ ಲೆಕ್ಕ ಸರಿಯಾಗಿದೆ

ಡೊಂಬಿವಲಿಯ ನಿವೃತ್ತ ಗಣಿತ ಅಧ್ಯಾಪಕರೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯ ಗೋವಾ ಪ್ರವಾಸ ಲೇಖನದಲ್ಲಿ ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳ ಪ್ರಸ್ತಾಪ ಬೇಕಿರಲಿಲ್ಲ. ನನ್ನ ಮಗ ಗೆಳೆಯರೊಡನೆ ಅಲ್ಲಿಗೆ ಹೋಗಿ ಬ್ಲ್ಯಾಕ್‌ಜ್ಯಾಕ್ ಆಡಿ ಹತ್ತು ಸಾವಿರ ರೂಪಾಯಿ ಕಳೆದು ಬಂದ. ಕೇಳಿದರೆ, ‘ಹೋದರೆ ಅಷ್ಟೇ ಹೋಗಲಿ ಎಂದು ಮೊದಲೇ ತೆಗೆದಿಟ್ಟಿದ್ದೆ, ಪಟ್ಟಿ ನೋಡಿ ಆಡಿದೆ’ ಎನ್ನುತ್ತಾನೆ. ಧರ್ಮರಾಯನ ಗತಿ ಏನಾಯಿತೆಂದು ತಾವಾದರೂ ಯುವಕರಿಗೆ ಹೇಳಬೇಡವೇ?”

ಮಾನ್ಯರೇ,

ಜೂಜು ಅನೇಕ ಮನೆಗಳನ್ನು ಮುಳುಗಿಸಿದೆ ಎಂಬ ತಮ್ಮ ಆತಂಕವನ್ನು ಒಪ್ಪುತ್ತೇನೆ. ಸಾಲ ತಂದು ಆಡುವವನೂ ಸೋತದ್ದನ್ನು ಗೆದ್ದೇ ಏಳುತ್ತೇನೆಂದು ಕೂರುವವನೂ ಆ ಮೇಜಿನ ಹತ್ತಿರ ಸುಳಿಯಬಾರದು. ಆದರೆ ತಮ್ಮ ಚಿರಂಜೀವಿಯ ಉತ್ತರವನ್ನು ತಾವು ಇನ್ನೊಮ್ಮೆ ಓದಬೇಕು. ಮಿತಿಯನ್ನು ಮೊದಲೇ ನಿಶ್ಚಯಿಸಿದ್ದು, ಪಟ್ಟಿಯ ಪ್ರಕಾರ ಆಡಿದ್ದು, ಮಿತಿ ಮುಟ್ಟಿದಾಗ ಎದ್ದು ಬಂದದ್ದು, ಬಂದು ತಂದೆಯ ಮುಂದೆ ನಿಜ ಹೇಳಿದ್ದು: ಇಷ್ಟನ್ನೂ ಮಾಡಿದ ಯುವಕನನ್ನು ಗದರಿಸಲು ನನಗೆ ಮನಸ್ಸಾಗುತ್ತಿಲ್ಲ.

ಬ್ಲ್ಯಾಕ್‌ಜ್ಯಾಕ್ ಇಸ್ಪೀಟಿನ ಆಟ: ಎಲೆಗಳ ಬೆಲೆ ಕೂಡಿ 21ನ್ನು ದಾಟದೆ, ಎಲೆ ಹಂಚುವ ಕ್ಯಾಸಿನೊದ ಡೀಲರನಿಗಿಂತ ಅದಕ್ಕೆ ಹತ್ತಿರವಾದವನು ಗೆದ್ದಂತೆ. ಅದನ್ನು ಹೇಗೆ ಆಡಬೇಕೆಂದು ಹೇಳುವ ಆ ಪಟ್ಟಿ ಸಾಮಾನ್ಯವಾದದ್ದಲ್ಲ. ಅಮೆರಿಕದ ಸೇನೆಯಲ್ಲಿದ್ದ ಬಾಲ್ಡ್‌ವಿನ್, ಕ್ಯಾಂಟಿ, ಮೈಸೆಲ್, ಮ್ಯಾಕ್‌ಡರ್ಮಟ್ ಎಂಬ ನಾಲ್ವರು, ಮೇಜಿನ ಮೇಲಿಡುವ ಲೆಕ್ಕದ ಯಂತ್ರಗಳಲ್ಲಿ ದುಡಿದು ದುಡಿದು, ಆಟಗಾರನ ಕೈಗೂ ಡೀಲರನ ತೆರೆದ ಎಲೆಗೂ ತಾಳೆ ಹಾಕಿ, ಯಾವ ಸಂದರ್ಭದಲ್ಲಿ ಇನ್ನೊಂದು ಎಲೆ ಕೇಳಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು 1956ರಲ್ಲಿ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಮುಂದೆ ಎಡ್ವರ್ಡ್ ಥಾರ್ಪ್ ಎಂಬ ಗಣಿತಜ್ಞ ಕಂಪ್ಯೂಟರಿನ ನೆರವಿನಿಂದ ಅದನ್ನು ಇನ್ನಷ್ಟು ಬೆಳೆಸಿದರು. ಈ ಆಟದಲ್ಲಿ ಕ್ಯಾಸಿನೊದ ಲಾಭದ ಮೂಲ ಒಂದೇ: ಆಟಗಾರ ಮೊದಲು ಎಲೆ ಎಳೆಯಬೇಕು, 21 ದಾಟಿದರೆ ಅಲ್ಲಿಯೇ ಸೋತ, ಆಮೇಲೆ ಡೀಲರ್ ದಾಟಿದರೂ ಹಣ ಮರಳದು. ಆದ್ದರಿಂದಲೇ ಡೀಲರನ ಮುಂದೆ 6 ಕಂಡಾಗ ತನ್ನ ಕೈಯಲ್ಲಿ 13 ಮಾತ್ರ ಇದ್ದರೂ ಪಟ್ಟಿ ಬಲ್ಲವನು ಸುಮ್ಮನಿರುತ್ತಾನೆ. 17 ಆಗುವವರೆಗೆ ಎಳೆಯಲೇಬೇಕಾದ ಡೀಲರ್ ಅಂಥ ಸ್ಥಿತಿಯಲ್ಲಿ ನೂರಕ್ಕೆ ಸುಮಾರು 42 ಸಲ ತಾನೇ 21 ದಾಟುತ್ತಾನೆ. ಜೋಡಿ ಎಂಟು ಬಂದರೆ ಪಟ್ಟಿ ಬಲ್ಲವನು ಎರಡು ಕೈಗಳಾಗಿ ಬೇರ್ಪಡಿಸುತ್ತಾನೆ, ಜೋಡಿ ಹತ್ತು ಬಂದರೆ ಮುಟ್ಟುವುದಿಲ್ಲ. ಡೀಲರನಿಗೆ ಎಕ್ಕ ಬಿದ್ದಾಗ ‘ಇನ್ಶೂರೆನ್ಸ್’ ಬೇಕೇ ಎಂದು ನಯವಾಗಿ ಕೇಳುತ್ತಾರೆ; ಅದು ಡೀಲರನ ಮುಚ್ಚಿದ ಎಲೆ ಹತ್ತರ ಬೆಲೆಯದೆಂದು ಕಟ್ಟುವ ಬೇರೊಂದು ಪಣ. ಆರು ಕಟ್ಟುಗಳ ಆಟದಲ್ಲಿ ಉಳಿದ 311 ಎಲೆಗಳ ಪೈಕಿ ಹತ್ತರ ಬೆಲೆಯವು 96. ಒಂದಕ್ಕೆ ಎರಡು ಕೊಡುವ ಆ ಪಣ ಸರಿದೂಗಬೇಕಾದರೆ ಮೂರರಲ್ಲಿ ಒಂದು ಎಲೆ ಹತ್ತರದ್ದಾಗಿರಬೇಕಿತ್ತು. ಗಣಿತ ಕಲಿಸಿದ ತಾವು ಉಳಿದದ್ದನ್ನು ನಿಂತಲ್ಲಿಯೇ ಮಾಡಿ ಮುಗಿಸುತ್ತೀರಿ: ನೂರು ರೂಪಾಯಿಗೆ ಏಳಕ್ಕಿಂತ ಹೆಚ್ಚು ನಷ್ಟ.

ಪಟ್ಟಿ ತಪ್ಪದೆ ಆಡಿದರೆ, ಒಳ್ಳೆಯ ನಿಯಮಗಳಿರುವ ಮೇಜಿನಲ್ಲಿ ಕ್ಯಾಸಿನೊದ ಪಾಲು ರೂಪಾಯಿಗೆ ಸುಮಾರು ಅರ್ಧ ಪೈಸೆ. ಐನೂರರ ಪಣದಂತೆ ಗಂಟೆಗೆ ಅರವತ್ತು ಕೈ ಆಡಿದವನ ಸರಾಸರಿ ನಷ್ಟ 150 ರೂಪಾಯಿಯಾದರೂ ಒಂದು ಗಂಟೆಯಲ್ಲಿ ನಾಲ್ಕೈದು ಸಾವಿರ ಅತ್ತ ಅಥವಾ ಇತ್ತ ವಾಲುವುದು ತೀರಾ ಸಹಜ. ಹತ್ತು ಸಾವಿರ ಹೋದದ್ದರಿಂದ ಮಗ ತಪ್ಪು ಆಡಿದನೆಂದು ತಾವು ತೀರ್ಮಾನಿಸುವಂತಿಲ್ಲ, ಗೆದ್ದು ಬಂದಿದ್ದರೆ ಸರಿಯಾಗಿ ಆಡಿದನೆಂದೂ ಹೇಳುವಂತಿರಲಿಲ್ಲ. ಒಂದನ್ನು ಮಾತ್ರ ಅವನನ್ನು ಕೇಳಿ: ಎಕ್ಕ ಮತ್ತು ಹತ್ತು ಕೂಡಿ ಬಂದಾಗ ಆ ಮೇಜು ಎರಡಕ್ಕೆ ಮೂರು ಕೊಡುತ್ತಿತ್ತೋ ಐದಕ್ಕೆ ಆರೋ? ಎರಡನೆಯದಾದರೆ ಕ್ಯಾಸಿನೊದ ಪಾಲು ಇನ್ನೂ ಸುಮಾರು 1.4 ಪೈಸೆ ಏರುತ್ತದೆ, ಅಂಥ ಮೇಜಿನಲ್ಲಿ ಕೂರಬಾರದು.

ತಾವು ಧರ್ಮರಾಯನನ್ನು ನೆನೆದಿರಿ. ವನಪರ್ವದಲ್ಲಿ ಬೃಹದಶ್ವ ಮುನಿಯು ಅದೇ ಧರ್ಮರಾಯನಿಗೆ ಹೇಳಿದ ನಳನ ಕಥೆಯನ್ನೂ ನೆನೆಯಬೇಕಿತ್ತು. ರಥದಲ್ಲಿ ಸಾಗುತ್ತಲೇ ಋತುಪರ್ಣನು ತಾರೆ ಮರವೊಂದರ ಎಲೆ, ಕಾಯಿಗಳ ಸಂಖ್ಯೆ ಹೇಳುತ್ತಾನೆ. ನಳನು ಇಳಿದು ಎಣಿಸಿ ಬೆರಗಾಗಿ ಅವನಿಂದ ದಾಳಗಳ ರಹಸ್ಯವಿದ್ಯೆಯಾದ ಅಕ್ಷಹೃದಯವನ್ನು ಕಲಿಯುತ್ತಾನೆ. ಕಲಿತ ಕ್ಷಣದಲ್ಲಿ ಕಲಿ ಅವನ ಮೈಬಿಟ್ಟು ಹೊರಡುತ್ತಾನೆ. ಕಥೆ ಮುಗಿಸಿದ ಮುನಿ ಧರ್ಮರಾಯನಿಗೆ ಆ ವಿದ್ಯೆಯನ್ನೇ ಉಪದೇಶಿಸುತ್ತಾನೆ. ಎಣಿಕೆಯನ್ನು ಬಲ್ಲವನ ಬಳಿ ಕಲಿ ನಿಲ್ಲಲಾರನೆಂದು ನಮ್ಮವರು ಅಷ್ಟು ಹಿಂದೆಯೇ ಕಂಡಿದ್ದರು.

ಜಾಣ ಆಟಗಾರ ಎಣಿಸಬೇಕಾದದ್ದು ಇನ್ನೂ ಇದೆ, ಅದನ್ನು ಸರ್ಕಾರವೇ ತಂದಿಟ್ಟಿದೆ. ಪಣಕ್ಕಿಡುವ ಬಿಲ್ಲೆಗಳನ್ನು (ಚಿಪ್) ಕೊಳ್ಳುವ ಹಣದ ಮೇಲೆ 2023ರ ಅಕ್ಟೋಬರಿನಿಂದ ಶೇ. 28 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರಿನಿಂದ ಶೇ. 40 ಆಗಿದೆ. ಅದನ್ನು ಕ್ಯಾಸಿನೊ ಹೊತ್ತರೂ ಒಂದಲ್ಲ ಒಂದು ರೂಪದಲ್ಲಿ ಆಟಗಾರನಿಗೇ ಬರುತ್ತದೆ. ಗೆಲುವಿನ ಮೇಲಿನ ಆದಾಯ ತೆರಿಗೆ ಶೇ. 30, ಅದರಿಂದ ಹಿಂದಿನ ಸೋಲನ್ನು ಕಳೆಯುವಂತಿಲ್ಲ. ಅರ್ಧ ಪೈಸೆಯನ್ನು ಉಳಿಸಲು ಪಟ್ಟಿ ಕಂಠಪಾಠ ಮಾಡಿದವನು ಈ ಅಂಕಿಗಳನ್ನು ಪಕ್ಕದಲ್ಲಿ ಬರೆದುಕೊಂಡರೆ, ಕ್ಯಾಸಿನೊ ಒಂದು ಸಂಜೆಯ ಖರ್ಚೇ ಹೊರತು ಸಂಪಾದನೆಯ ದಾರಿಯಾಗಲಾರದೆಂದು ಯಾರ ಉಪದೇಶವೂ ಇಲ್ಲದೆ ಅರಿಯುತ್ತಾನೆ.

ನನ್ನ ನಿಜವಾದ ಸಂಕಟ ಬೇರೆ. ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಓದಿದ ಮುಂಬಯಿ ಕನ್ನಡಿಗರ ಹಿರಿಯ ತಲೆಮಾರು ಮಟ್ಕಾದ ಆಕರ್ಷಣೆಯನ್ನು ಹತ್ತಿರದಿಂದ ಕಂಡಿದೆ. ಹತ್ತು ಅಂಕಿಗಳಲ್ಲಿ ಒಂದು ಹೊಂದಿದರೆ ರೂಪಾಯಿಗೆ ಒಂಬತ್ತು ಕೊಡುತ್ತಿದ್ದ ಆಟವದು. ರೂಪಾಯಿಗೆ ಹತ್ತು ಪೈಸೆ ಎಲ್ಲಿ ಹೋಗುತ್ತಿದೆ ಎಂದು ಕೇಳಿದವರು ವಿರಳ. ಇಂದು ಅವರ ಮೊಮ್ಮಕ್ಕಳು ಫೋನಿನಲ್ಲಿ ಷೇರುಪೇಟೆಯ ಏರಿಳಿತದ ಮೇಲೆ ಹಣ ಕಟ್ಟುವ ಆಪ್ಷನ್ ವ್ಯಾಪಾರ ಮಾಡುತ್ತಾರೆ, ಮನೆಯವರು ಅದನ್ನು ಹೂಡಿಕೆ ಎನ್ನುತ್ತಾರೆ. ಇದೇ ಮುಂಬಯಿಯಲ್ಲಿರುವ, ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮೂರು ಆರ್ಥಿಕ ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ನಡೆಸಿದ ವೈಯಕ್ತಿಕ ವ್ಯಾಪಾರಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಅನುಭವಿಸಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಯನ್ನು ಮೀರಿತು. ಆ ಮನೆಗಳಿಂದ ಈ ಕಚೇರಿಗೆ ಒಂದು ಪತ್ರವೂ ಬಂದಿಲ್ಲ. ಸಂಭವನೀಯತೆಯ ಪಾಠ ನಮ್ಮ ಶಾಲೆಗಳಲ್ಲಿ ಪರೀಕ್ಷೆಯ ನಾಲ್ಕು ಅಂಕಗಳಿಗಾಗಿ ನಾಣ್ಯ ಚಿಮ್ಮಿಸಿ ಮುಗಿಯುತ್ತದೆ, ಆ ನಾಣ್ಯ ತಮ್ಮದೇ ಆದಾಗ ಏನು ಮಾಡಬೇಕೆಂದು ಯಾರೂ ಕಲಿಸುವುದಿಲ್ಲ.

ತಾವು ಕಲಿಸಬಲ್ಲಿರಿ. ಲಾಟರಿ, ಮಟ್ಕಾ, ಆಪ್ಷನ್ಸ್, ಬ್ಲ್ಯಾಕ್‌ಜ್ಯಾಕ್ ಒಂದೊಂದನ್ನೂ ಬಿಡಿಸಿ, ಹತ್ತನೆಯ ತರಗತಿಯವರಿಗೆ ತಿಳಿಯುವ ಕನ್ನಡದಲ್ಲಿ ಲೇಖನಮಾಲೆಯೊಂದನ್ನು ಬರೆದುಕೊಡಿ. ಬ್ಲ್ಯಾಕ್‌ಜ್ಯಾಕ್‌ನ ಕಂತನ್ನು ಮಗನೊಡನೆ ಕುಳಿತು ಬರೆಯಿರಿ. ಇಬ್ಬರ ಹೆಸರಿನಲ್ಲಿಯೂ ಪ್ರಕಟಿಸುತ್ತೇನೆ.