ದನಿ ಒಡೆದಿದೆಯೆಂದು ಇನ್‌ಹೇಲರ್ ಬಿಡಬೇಡಿ

ಪ್ರಶ್ನೆ: ಡಾಕ್ಟ್ರೇ, ನನಗೆ 57 ವರ್ಷ. ಹವ್ಯಾಸಿ ತಾಳಮದ್ದಳೆ ಅರ್ಥಧಾರಿ. ಆರು ವರ್ಷದಿಂದ ಅಸ್ತಮಾ ಉಂಟು. ಬೆಳಿಗ್ಗೆ, ರಾತ್ರಿ ಎರಡೆರಡು ಸಲ ಎಳೆಯಲು ಒಂದು ಸ್ಪ್ರೇ ಕೊಟ್ಟಿದ್ದಾರೆ, ದಮ್ಮು ಕಟ್ಟಿದರೆ ನೀಲಿಯದ್ದು. ಮೂರು ತಿಂಗಳಿಂದ ದನಿ ಒಡೆದಿದೆ, ನಾಲಿಗೆ ಮೇಲೆ ಬಿಳಿ ಪೊರೆ. ದಮ್ಮೂ ಕಡಿಮೆಯಾಗಿಲ್ಲ, ನೀಲಿಯದ್ದು ದಿನಾ ಮೂರು ಸಲ ಬೇಕು. ‘ಬೆಳಿಗ್ಗೆ, ರಾತ್ರಿಯದ್ದು ಸ್ಟೀರಾಯ್ಡ್, ಬಿಟ್ಟುಬಿಡಿ, ದಮ್ಮಿನ ಮಾತ್ರೆ ನುಂಗಿ’ ಅಂತಾರೆ ಗೆಳೆಯರು. ಏನು ಮಾಡಲಿ?
– ಹೆಸರು ಬೇಡ, ಬ್ರಹ್ಮಾವರ

ಉತ್ತರ: ಬಿಡಬೇಡಿ. ನಿಮ್ಮ ಎರಡೂ ತೊಂದರೆಗೆ ಬೇರು ಒಂದೇ ಎಂದು ನನಗೆ ಕಾಣುತ್ತದೆ: ಮದ್ದು ಗಂಟಲಲ್ಲೇ ಉಳಿಯುತ್ತಿದೆ, ಎದೆಗೆ ಇಳಿಯುತ್ತಿಲ್ಲ. ಡಬ್ಬಿಯಿಂದ ಸ್ಪ್ರೇ ಬಹಳ ರಭಸದಿಂದ ಬರುತ್ತದೆ. ಮೊದಲು ಒತ್ತಿ ಆಮೇಲೆ ಉಸಿರೆಳೆದರೆ ಹೆಚ್ಚಿನದ್ದು ಗಂಟಲ ಗೋಡೆಗೆ ಬಡಿದು ಅಂಟಿಕೊಳ್ಳುತ್ತದೆ. ಅಲ್ಲಿ ಕುಳಿತ ಸ್ಟೀರಾಯ್ಡ್ ದನಿ ಒಡೆಸುತ್ತದೆ, ನಾಲಿಗೆಯಲ್ಲಿ ಬಿಳಿ ಬೂಷ್ಟು ಬೆಳೆಸುತ್ತದೆ. ಅತ್ತ ಶ್ವಾಸನಾಳದ ಬಾವು ಹಾಗೆಯೇ ಉಳಿಯುವುದರಿಂದ ನೀಲಿಯದ್ದನ್ನು ಮತ್ತೆ ಮತ್ತೆ ಹುಡುಕಬೇಕಾಗುತ್ತದೆ.

ನಾಳೆ ಬೆಳಿಗ್ಗೆ ಕನ್ನಡಿ ಎದುರು ನಿಂತು ಎಳೆಯಿರಿ. ತುಟಿಯ ಕೊನೆಯಿಂದಲೋ ಮೂಗಿನಿಂದಲೋ ಬಿಳಿ ಹೊಗೆ ಹೊರಬಂದರೆ ಆ ಡೋಸು ವ್ಯರ್ಥವಾಯಿತು. ಮುಚ್ಚಳ ತೆಗೆದು ಡಬ್ಬಿಯನ್ನು ಚೆನ್ನಾಗಿ ಕುಲುಕಿ. ಎದೆಯ ಗಾಳಿಯನ್ನು ಮೆಲ್ಲನೆ ಪೂರ್ತಿ ಹೊರಗೆ ಬಿಡಿ. ಇದನ್ನು ಮರೆಯುವವರೇ ಹೆಚ್ಚು. ಮರೆತರೆ ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದಂತೆ ಆಗುತ್ತದೆ. ಇನ್‌ಹೇಲರನ್ನು ಬಾಯಿಗಿಟ್ಟು ಅದರ ಸುತ್ತ ತುಟಿ ಬಿಗಿಯಾಗಿ ಮುಚ್ಚಿ, ಉಸಿರು ಒಳಗೆ ಹೋಗಲು ಶುರುವಾದ ಕ್ಷಣಕ್ಕೇ ಒಂದು ಸಲ ಒತ್ತಿ, ನಾಲ್ಕೈದು ಸೆಕೆಂಡು ನಿಧಾನಕ್ಕೆ ಎಳೆಯುತ್ತಲೇ ಹೋಗಿ. ಆಮೇಲೆ ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಎರಡನೆಯದಕ್ಕೆ ಅರ್ಧದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಕುಲುಕಿ.

ಒತ್ತುವುದು, ಎಳೆಯುವುದು ಒಟ್ಟಿಗೆ ಆಗದಿದ್ದರೆ ಸ್ಪೇಸರ್, ಅಂದರೆ ಇನ್‌ಹೇಲರಿನ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ ಬೇಕು. ನಿಮಗಂತೂ ಬೇಕೇ ಬೇಕು ಎನ್ನುತ್ತೇನೆ. ರಭಸ ಆ ಪ್ಲಾಸ್ಟಿಕ್ ಕೊಳವೆಯೊಳಗೇ ತಗ್ಗುತ್ತದೆ, ದಪ್ಪ ಹನಿಗಳು ಅದರ ಗೋಡೆಗೇ ಅಂಟುತ್ತವೆ, ನಿಮ್ಮ ಗಂಟಲು ಉಳಿಯುತ್ತದೆ. ಒಂದು ಸಲಕ್ಕೆ ಒಂದೇ ಒತ್ತು, ಕೂಡಲೇ ನಿಧಾನಕ್ಕೆ ಎಳೆಯಿರಿ. ಉಸಿರು ಹಿಡಿಯಲಾಗದಿದ್ದರೆ ಅದರಲ್ಲೇ ನಾಲ್ಕೈದು ಸಲ ಉಸಿರಾಡಿದರೂ ಸಾಕು. ತಿಂಗಳಿಗೊಮ್ಮೆಯಾದರೂ ಸಾಬೂನು ನೀರಲ್ಲಿ ಅದ್ದಿ, ಹಾಗೇ ನೆರಳಲ್ಲಿ ಆರಲು ಬಿಡಿ. ಬಟ್ಟೆಯಿಂದ ಉಜ್ಜಬೇಡಿ, ಉಜ್ಜಿದ ಪ್ಲಾಸ್ಟಿಕ್ಕು ಮದ್ದನ್ನು ತನ್ನತ್ತ ಸೆಳೆದುಕೊಳ್ಳುತ್ತದೆ.

ಬೆಳಿಗ್ಗೆ, ರಾತ್ರಿಯ ಇನ್‌ಹೇಲರನ್ನು ಹಲ್ಲುಜ್ಜುವ ಬ್ರಶ್ ಪಕ್ಕದಲ್ಲೇ ಇಡಿ. ಮೊದಲು ಮದ್ದು, ಆಮೇಲೆ ಬ್ರಶ್. ಬಾಯಿ ಮುಕ್ಕಳಿಸಿ, ಗಂಟಲು ಗುಳುಗುಳು ಮಾಡಿ ಉಗುಳಿ, ನುಂಗಬೇಡಿ. ಬಿಳಿ ಪೊರೆಗೆ ಬೇರೆ ಮದ್ದುಂಟು, ನಿಮ್ಮ ಡಾಕ್ಟರು ಬರೆದುಕೊಡುತ್ತಾರೆ. ದನಿಯ ವಿಷಯದಲ್ಲಿ ಒಂದು ಮಾತು: ಮೂರು ತಿಂಗಳು ಬಹಳವಾಯಿತು. ಎಲ್ಲವನ್ನೂ ಇನ್‌ಹೇಲರ್ ತಲೆಗೆ ಕಟ್ಟದೆ, ಈ ವಾರವೇ ಕಿವಿ-ಮೂಗು-ಗಂಟಲಿನವರಿಗೆ ತೋರಿಸಿ.

ಮಾತ್ರೆಯ ವಿಷಯ. ನಿಮ್ಮ ನೀಲಿ ಸ್ಪ್ರೇಯಲ್ಲಿರುವ ಸಾಲ್ಬುಟಮಾಲ್ ಎಂಬ ಮದ್ದೇ ದಮ್ಮಿನ ಮಾತ್ರೆಯಾಗಿಯೂ ಸಿಗುತ್ತದೆ. ಅದರ ಒಂದು ಮಾತ್ರೆಯಲ್ಲಿ 4 ಮಿಲಿಗ್ರಾಂ ಮದ್ದು, ನೀಲಿ ಸ್ಪ್ರೇಯ ಒಂದು ಒತ್ತಿಗೆ 100 ಮೈಕ್ರೋಗ್ರಾಂ. ಅಂದರೆ ಒಂದು ಮಾತ್ರೆಗೆ ನಲವತ್ತು ಒತ್ತು! ಅದು ರಕ್ತದಲ್ಲಿ ಮೈಯೆಲ್ಲ ಸುತ್ತಿ, ಕೈ ನಡುಗಿಸಿ, ಎದೆ ಹೊಡೆದುಕೊಳ್ಳುವಂತೆ ಮಾಡುತ್ತದೆ. ಅದೂ ಬಾವನ್ನು ಇಳಿಸುವುದಿಲ್ಲ. ಬಾವು ಇಳಿಸುವುದು ನೀವು ಬಿಡಹೊರಟಿರುವ ಮದ್ದೇ.

ಪುಡಿ ತುಂಬಿದ ಕ್ಯಾಪ್ಸೂಲ್ ಹಾಕಿ ಎಳೆಯುವ ಇನ್‌ಹೇಲರ್ ಇದ್ದವರಿಗೆ ಕ್ರಮ ಬೇರೆ: ಕುಲುಕಬಾರದು, ಅದರೊಳಗೆ ಉಸಿರು ಬಿಡಬಾರದು, ಒಂದೇ ಸಲಕ್ಕೆ ಜೋರಾಗಿ ಎಳೆಯಬೇಕು. ಮಳೆಗಾಲದ ಆಟಿ ತಿಂಗಳಲ್ಲಿ ಕರಿದ ಹಪ್ಪಳ ಎಷ್ಟು ಹೊತ್ತಿಗೆ ಮೆತ್ತಗಾಗುತ್ತದೆ ನಮ್ಮ ಊರಲ್ಲಿ! ಆ ಪುಡಿಯೂ ಹಾಗೆಯೇ. ಎಳೆಯುವ ಹೊತ್ತಿಗಷ್ಟೇ ಕ್ಯಾಪ್ಸೂಲ್ ಹೊರತೆಗೆಯಿರಿ. ನನ್ನ ಅಮ್ಮ ಆ ಕ್ಯಾಪ್ಸೂಲುಗಳನ್ನು ಎರಡು ವಾರ ನೀರಲ್ಲಿ ನುಂಗಿದ್ದರು. ಮಂಗಳೂರಿನಲ್ಲಿ ದಿನವಿಡೀ ರೋಗಿಗಳನ್ನು ನೋಡುತ್ತಿದ್ದ ಮಗಳು ನಾನು, ಅಮ್ಮನಿಗೆ ತೋರಿಸಿಕೊಡಲಿಲ್ಲ. ಅಂದಿನಿಂದ ನಾನು ಇನ್‌ಹೇಲರ್ ಬರೆದುಕೊಟ್ಟ ಯಾವ ರೋಗಿಯನ್ನೂ ನನ್ನೆದುರು ಎಳೆಸದೆ ಕಳಿಸಿಲ್ಲ. ನೀವೂ ನಿಮ್ಮ ಡಾಕ್ಟರ ಮುಂದೆ ಒಮ್ಮೆ ಎಳೆದು ತೋರಿಸಿ. ನೀಲಿಯದ್ದು ದಿನಾ ಮೂರು ಸಲ ಬೇಕಾಗುತ್ತಿದೆ ಎಂಬುದನ್ನೂ ಹೇಳಿ, ಅದು ಸಣ್ಣ ವಿಷಯವಲ್ಲ.

ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ದಮ್ಮು ಕಟ್ಟಿದರೆ, ತುಟಿ ನೀಲಿಯಾದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿಸಿ, ಆಂಬುಲೆನ್ಸ್ ಬರುವ ತನಕ ಸ್ಪೇಸರ್‌ನಲ್ಲಿ ನೀಲಿಯದ್ದನ್ನು ಒಂದೊಂದೇ ಒತ್ತಾಗಿ ಎಳೆಯುತ್ತಿರಿ. ತಾಳಮದ್ದಳೆ ಕೂಟಕ್ಕೆ ಹೋಗುವಾಗ ಚೀಲದಲ್ಲಿ ನೀಲಿಯದ್ದು, ಸ್ಪೇಸರ್ ಎರಡೂ ಇರಲಿ.

ಗಂಟಲಿನವರು ಏನಂದರು, ಸ್ಪೇಸರ್ ಹಿಡಿದ ಮೇಲೆ ದನಿ ಹೇಗಿದೆ, ಒಂದು ತಿಂಗಳು ಬಿಟ್ಟು ನನಗೆ ಬರೆಯಿರಿ.