ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಆಟಗಾರ

(ಗುರುತು ಸಿಗದಿರಲಿ ಎಂದು ಕೆಲವು ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಅವರನ್ನು ಜೆರ್ಸಿ ನಂಬರಿನಿಂದಲೇ ಕರೆಯೋಣ, ಆರನೇ ನಂಬರ್. ವಯಸ್ಸು 34. ಮನೆ ಬೆಂಗಳೂರಿನ ಗೌತಮಪುರದ ಆಸುಪಾಸು ಅಂದುಕೊಳ್ಳಿ. ಪೆಲೆಯ ಪ್ರತಿಮೆ ನಿಲ್ಲಿಸಿರುವ ಏರಿಯಾ ಅದು. ಗೋವಾ, ಕೋಲ್ಕತ್ತಾ ಅಂತ ಹನ್ನೊಂದು ವರ್ಷ ಕ್ಲಬ್ಬುಗಳಲ್ಲಿ ಫುಟ್‌ಬಾಲ್ ಆಡಿದ್ದರು. ಮಂಡಿಯ ಲಿಗಮೆಂಟ್ ಎರಡನೇ ಸಲ ಹರಿದ ಮೇಲೆ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಹಾರ ಇಲ್ಲ, ಬೀಳ್ಕೊಡುಗೆ ಇಲ್ಲ. ಒಂದು ಫೋನ್ ಬಂತು, ಅಷ್ಟೇ.

ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಅವರನ್ನು ಕರೆದುಕೊಂಡು ಬಂದವರು ಹೆಂಡತಿ. "ಬೆಳಗ್ಗೆ ಐದಕ್ಕೇ ಎದ್ದು ಶೂ ಹಾಕಿ ಲೇಸ್ ಕಟ್ಕೊಳ್ತಾರೆ ಮೇಡಂ. ಆಮೇಲೆ ಏಳು ಗಂಟೆ ತನಕ ಮಂಚದ ಮೇಲೆ ಹಾಗೇ ಕೂತಿರ್ತಾರೆ."

ಅಪ್ಪನ ಜೊತೆ ಮಾತು ನಿಂತಿತ್ತು. ಅಪ್ಪನೂ ಆಟಗಾರರೇ. ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ತಂಡಗಳು ಜೋರಾಗಿದ್ದ ಕಾಲದವರು. ಬೆಳಗ್ಗೆ ಡ್ಯೂಟಿ, ಮಧ್ಯಾಹ್ನದ ಮೇಲೆ ಮೈದಾನ. ಕಾಲು ಸೋತ ಮೇಲೂ ಹಾಜರಿ ಪುಸ್ತಕದಲ್ಲಿ ಹೆಸರು ಇತ್ತು, ತಿಂಗಳ ಸಂಬಳ ಇತ್ತು. ಮಗ ಕಂಡ ದುಡ್ಡನ್ನು ಅವರು ಕಂಡವರಲ್ಲ, ನಿಜ. ಆದರೆ ಮಗನದ್ದು ಒಂದೋ ಎರಡೋ ಸೀಸನ್ನಿನ ಕಾಂಟ್ರಾಕ್ಟು. ರೈಲ್ವೆಯ ಕ್ರೀಡಾ ಕೋಟಾಕ್ಕೆ ವಯಸ್ಸಿನ ಮಿತಿ 25. ಆ ವಯಸ್ಸಲ್ಲಿ ಇವರಿಗೆ ಗುಮಾಸ್ತೆ ಕೆಲಸ ಬೇಡವಾಗಿತ್ತು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್ ಶುರುವಾಗಿ, ಎಲ್ಲರ ಕಣ್ಣೂ ಅತ್ತ ಇತ್ತು. ಅದನ್ನು ಸೋಮಾರಿತನ, ಧಿಮಾಕು ಅಂತ ಅಪ್ಪ ಈಗ ಕರೆದರೆ ಅನ್ಯಾಯ ಅಲ್ವಾ?

ಮೊದಲ ಸಲ ನಾನೇ ಎಡವಿದೆ. "ಕೋಚ್ ಆಗಬಹುದಲ್ಲ?" ಅಂದುಬಿಟ್ಟೆ. ಅವರು ನೆಲ ನೋಡುತ್ತಾ, "ಎಲ್ಲರೂ ಅದನ್ನೇ ಹೇಳ್ತಾರೆ ಮೇಡಂ" ಅಂದರು. ಆಮೇಲೆ ಅರ್ಧ ಗಂಟೆ ಮಾತಿಲ್ಲ.

ಎರಡನೇ ಸಲ ಸಾಯಬೇಕು ಅನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ. ಇಲ್ಲ ಅಂದರು. ನಿದ್ದೆ ತುಂಬಾ ಕೆಟ್ಟಿದ್ದರಿಂದ ಮನೋವೈದ್ಯರ ಹತ್ತಿರ ಕಳಿಸಿದೆ. ಆಟಗಾರರ ಜಾಗತಿಕ ಸಂಘ ಫಿಫ್‌ಪ್ರೊ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಮಾತೂ ಬಂತು. ಅದರಲ್ಲಿ ಉತ್ತರಿಸಿದ ಮಾಜಿ ಆಟಗಾರರಲ್ಲಿ ಸುಮಾರು 35% ಮಂದಿ ಖಿನ್ನತೆ ಅಥವಾ ಆತಂಕದ ಲಕ್ಷಣ ಹೇಳಿಕೊಂಡಿದ್ದರು. "ಅಂದ್ರೆ ಹನ್ನೊಂದು ಜನರ ಟೀಮಲ್ಲಿ ನಾಲ್ಕು ಜನ" ಎಂದು ಅವರೇ ಲೆಕ್ಕ ಹಾಕಿದರು.

ಆಮೇಲೆ ಒಂದು ಹಳೆಯ ಪಂದ್ಯದ ಮಾತು ಎತ್ತಿದರು. ನನ್ನ ಮೇಜಿನ ಪೆನ್ ಸ್ಟ್ಯಾಂಡು ಸೆಂಟರ್ ಬ್ಯಾಕ್, ಅಂದರೆ ಗೋಲಿನ ಮುಂದೆ ನಡುವೆ ಕಾಯುವ ಆಟಗಾರ, ಆಯಿತು, ಟೀ ಲೋಟ ಎದುರಾಳಿ. "ಇಲ್ಲಿ ನಾನಿದ್ದೆ. ಒಂದು ಹೆಜ್ಜೆ ತಡ." ಅಷ್ಟು ಹೊತ್ತಿಗೆ ದನಿ ಏರಿತ್ತು. ಮಕ್ಕಳಿಗೆ ಕಲಿಸುವುದು ಇವರಿಗೆ ಬೇಡದ ಕೆಲಸವೇನಲ್ಲ. ಟರ್ಫ್ ಹತ್ತಿರ ಯಾರಾದರೂ "ಈಗ ಯಾವ ಟೀಮು?" ಅಂತ ಕೇಳಿದರೆ ಏನು ಹೇಳೋದು ಅನ್ನೋದೇ ಕಷ್ಟ. ಮನೆಯವರೂ ಸುಮ್ನೆ "ಮುಂದಿನ ಸೀಸನ್ ಆಡ್ತಾರೆ" ಅನ್ನುತ್ತಾ ಬಂದಿದ್ದರು.

ಹಾಗಾಗಿ ಕೆಲಸದ ಮಾತನ್ನು ಬದಿಗಿಟ್ಟೆ. "ನಾನು ಹನ್ನೊಂದು ವರ್ಷ ಆಡಿದೆ. ಈಗ ಆಡಲ್ಲ." ಈ ಎರಡು ವಾಕ್ಯ ಅಭ್ಯಾಸ ಮಾಡಲು ಹೇಳಿದೆ. ಮೂರು ಭೇಟಿ ತನಕ ಎರಡನೆಯದು ಬಾಯಿಗೆ ಬರಲಿಲ್ಲ. ಐದಕ್ಕೆ ಏಳುವುದು ಬಿಡಬೇಡಿ, ಶೂ ಹಾಕಿದ ಮೇಲೆ ಮನೆಯಲ್ಲಿ ಕೂರಬೇಡಿ, ಫಿಸಿಯೋ ಒಪ್ಪಿದಷ್ಟು ನಡೆಯಿರಿ ಅಂದೆ. ದಿಢೀರನೆ ಕಸರತ್ತು ನಿಲ್ಲಿಸಿದ ಮೈಯೂ ಮಂಕಾಗುತ್ತದೆ. ಕಾರಿನ ಸಾಲ, ಉಳಿತಾಯ ಎಲ್ಲವನ್ನೂ ಹೆಂಡತಿ ಜೊತೆ ಕೂತು ಒಂದೇ ಹಾಳೆಯಲ್ಲಿ ಬರೆಯಲು ಹೇಳಿದೆ. ಬರೆದರು, ಕಾರು ಮಾರಿದರು. ಅಪ್ಪನನ್ನು ಒಂದು ದಿನ ಕರೆಸಿ, ಅವರ ಕೊನೆಯ ಪಂದ್ಯದ ಬಗ್ಗೆ ಮಾತ್ರ ಕೇಳಿದೆ. ಮಗ ಆ ಕತೆ ಕೇಳಿದ್ದು ಅದೇ ಮೊದಲು.

ಈಗ ಅವರು ಗೆಳೆಯರೊಬ್ಬರ ಗೋದಾಮಿನಲ್ಲಿ ಬೆಳಗಿನ ಶಿಫ್ಟು ನೋಡಿಕೊಳ್ಳುತ್ತಾರೆ. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ (ಎಐಎಫ್‌ಎಫ್) ಡಿ ಲೈಸೆನ್ಸ್ ಕೋಚಿಂಗ್ ಕೋರ್ಸಿಗೆ ಅರ್ಜಿ ಹಾಕಿದ್ದಾರೆ. ಅದು ಅವರದೇ ತೀರ್ಮಾನ, ನಾನು ಬಾಯಿಬಿಟ್ಟಿರಲಿಲ್ಲ. ಕಂಠೀರವ ಕ್ರೀಡಾಂಗಣಕ್ಕೆ ಪಂದ್ಯ ನೋಡಲು ಇನ್ನೂ ಹೋಗಿಲ್ಲ. ಗೆಳೆಯರು ಕಳಿಸಿದ ಎರಡು ಟಿಕೆಟ್ ಅಪ್ಪನ ಕೈಗೆ ಕೊಟ್ಟರಂತೆ. ಹೋಗಿ ಅಂತ ನಾನೂ ಒತ್ತಾಯಿಸಿಲ್ಲ.